ಎರಡನೇ ಆಲ್ಬಮ್‌ನಲ್ಲಿ ಸ್ಟೀಲ್ ಗಿಟಾರ್‌ಗೆ ಜಾಗ ಎಲ್ಲಿ?

ಮೂರು ಕಂಟ್ರಿ-ರಾಕ್ ತಂಡಗಳ ಎರಡನೇ ಆಲ್ಬಮ್‌ಗಳನ್ನು ಒಂದರ ಹಿಂದೆ ಒಂದು ಹಾಕಿ ಕೇಳಿ. ಫ್ಲೈಯಿಂಗ್ ಬರಿಟೊ ಬ್ರದರ್ಸ್ ತಂಡದ ‘ಬರಿಟೊ ಡಿಲಕ್ಸ್’ (1970) ಆಲ್ಬಮ್‌ನಲ್ಲಿ ಸ್ನೀಕಿ ಪೀಟ್ ಕ್ಲೈನೌ ಅವರ ಪೆಡಲ್ ಸ್ಟೀಲ್ ಇದೆ, ಅಂದರೆ ತಂತಿಯ ಮೇಲೆ ಲೋಹದ ಕಂಬಿ ಜಾರಿಸುತ್ತಾ, ಪೆಡಲ್ ಒತ್ತಿ ತಂತಿಯ ಶ್ರುತಿ ಬದಲಿಸುತ್ತಾ ನುಡಿಸುವ ಸ್ಟೀಲ್ ಗಿಟಾರ್. ಪೋಕೋ ತಂಡದ ಅದೇ ವರ್ಷದ ‘ಪೋಕೋ’ ಆಲ್ಬಮ್‌ನಲ್ಲಿ ರಸ್ಟಿ ಯಂಗ್ ಅದೇ ವಾದ್ಯವನ್ನು ಆರ್ಗನ್‌ಗೆ ಬಳಸುವ, ತಿರುಗುವ ಲೆಸ್ಲಿ ಸ್ಪೀಕರಿಗೆ ಹಾಯಿಸಿ, ಆರ್ಗನ್ನೇ ಅನ್ನಿಸುವಂತೆ ನುಡಿಸಿದ್ದಾರೆ. ಈಗಲ್ಸ್ 1973ರಲ್ಲಿ ಗ್ಲಿನ್ ಜಾನ್ಸ್ ನಿರ್ಮಾಣದಲ್ಲಿ ಲಂಡನ್ನಿನಲ್ಲಿ ಮಾಡಿದ ‘ಡೆಸ್ಪರಾಡೊ’ದಲ್ಲಿ ಬರ್ನಿ ಲೆಡನ್ ಅವರ ಬ್ಯಾಂಜೋ, ಮ್ಯಾಂಡೊಲಿನ್ ಎದ್ದು ಕೇಳುತ್ತವೆ, ಶೀರ್ಷಿಕೆ ಗೀತೆ ಪಿಯಾನೊ ಮತ್ತು ಪಿಟೀಲುಗಳ ಮೇಲೆ ನಿಂತಿದೆ. ದಾರಿ ಮೂರು, ಆದರೆ ಯಾವುದರಲ್ಲೂ ವಾದ್ಯ ಹಾಡುಗಾರನ ಮಾತಿನ ಮೇಲೆ ಬಿದ್ದು ಮಾತಾಡುವುದಿಲ್ಲ.

ಬೆಂಗಳೂರಿನಲ್ಲಿ ಕನ್ನಡದಲ್ಲೇ ಕಂಟ್ರಿ-ರಾಕ್ ಮಾಡಹೊರಟ ತಂಡ ಎಡವುವುದು ಇಲ್ಲೇ. ಮೊದಲ ಆಲ್ಬಮ್‌ನ ಹಾಡುಗಳು ವೇದಿಕೆಯಲ್ಲಿ ಪಳಗಿದವು, ಎರಡು ಗಿಟಾರಿನಲ್ಲಿ ಮುಗಿದವು. ಎರಡನೆಯದಕ್ಕೆ “ಸ್ಟೀಲ್ ಸೇರಿಸೋಣ” ಎಂಬ ಆಸೆ ಹುಟ್ಟುತ್ತದೆ. ಹಾಡು ಪೂರ್ತಿ ಕಟ್ಟಿಯಾದ ಮೇಲೆ ಮೇಲಿಂದ ಸ್ಟೀಲ್ ಸುರಿದರೆ ಒಗ್ಗರಣೆ ಸೀದ ಹಾಗಾಗುತ್ತದೆ. ಜಾಗ ಬಿಡಬೇಕಾದದ್ದು ಸಾಹಿತ್ಯ ಬರೆಯುವಾಗಲೇ.

ಲೆಕ್ಕ ಸುಲಭ. 4/4 ತಾಳದಲ್ಲಿ ಎಂಟನೇ ಒಂದು ಸ್ವರವನ್ನು (ಅರ್ಧ ಬೀಟ್) ಒಂದು ಮಾತ್ರೆ ಅಂದುಕೊಳ್ಳಿ. ಎರಡು ಬಾರ್‌ಗೆ (ನಾಲ್ಕು ಬೀಟಿನ ಎರಡು ಆವರ್ತಕ್ಕೆ) 16 ಮಾತ್ರೆ, ಅಂದರೆ ನಾಲ್ಕು ಮಾತ್ರೆಯ ನಾಲ್ಕು ಗಣ. ಮಂದಾನಿಲ ರಗಳೆಯ ಸಾಲು ಅದರಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ತೊಂದರೆ ಆಗುವುದೂ ಆ ಅಚ್ಚುಕಟ್ಟಿನಿಂದಲೇ: “ಕೆರೆಯಂ-ಚಿನ ಮನೆ-ಯೊಳಗಡೆ-ನಿಂತೇ” ಎಂದರೆ ಹದಿನಾರೂ ತುಂಬಿತು, ಬೇರೆ ವಾದ್ಯಕ್ಕೆ ಉಸಿರಾಡಲು ಎಡೆಯಿಲ್ಲ. “ಕೆರೆಯಂ-ಚಿನ ಮನೆ-ಯೊಳಗೇ” ಎಂದು 12ಕ್ಕೆ ನಿಲ್ಲಿಸಿದರೆ ಕೊನೆಯ ಗಣ ಸ್ಟೀಲಿನ ಪಾಲು. ನಿಮಿಷಕ್ಕೆ 110 ಬೀಟ್ ವೇಗದಲ್ಲಿ ಆ ನಾಲ್ಕು ಮಾತ್ರೆ ಎಂದರೆ ಸುಮಾರು 1.1 ಸೆಕೆಂಡ್. ಮೂರು ಸ್ವರ ನುಡಿಸಲು ಅಷ್ಟು ಸಾಕು. ಐದು ನುಡಿಸಿದರೆ ಮುಂದಿನ ಸಾಲಿನ ಕಾಲು ತುಳಿಯುತ್ತದೆ.

ಸಾಲಿನ ಕೊನೆಯ ಸ್ವರಾಕ್ಷರವನ್ನೂ ನೋಡಿಕೊಳ್ಳಿ. ಕನ್ನಡದ ಕ್ರಿಯಾಪದಗಳು ಬಹುಪಾಲು ‘ಉ’ದಲ್ಲಿ ಮುಗಿಯುತ್ತವೆ: ಬಂದಿತು, ಹೋದವು, ಕಂಡೆವು. ‘ಉ’ವನ್ನು ಎಳೆದು ಹಿಡಿದರೆ ಬಾಯಿ ಮುಚ್ಚಿಕೊಂಡು ದನಿ ಕುಗ್ಗುತ್ತದೆ, ಜೊತೆಗೆ ಹಾಡುವವರ ಶ್ರುತಿಯೂ ಅಲ್ಲಾಡುತ್ತದೆ. ಮೂರು ದನಿಯ ಹಾರ್ಮನಿ ಬೇಕಾದ ಸಾಲನ್ನು ‘ಆ’ ಅಥವಾ ‘ಏ’ದಲ್ಲಿ ಇಳಿಸಿ. ಮೂರು ಬೀಟಿನ ವಾಲ್ಟ್ಜ್ ನಡೆಗೆ ಉತ್ಸಾಹ ರಗಳೆಯ ಮೂರು ಮಾತ್ರೆ ಒಪ್ಪುತ್ತದೆ. ಭಾಮಿನಿ ಷಟ್ಪದಿಯ 3+4 ಮಾತ್ರೆಯ ಗಣಗಳು ಮಾತ್ರ ರೈಲಿನ ಓಟದಂತೆ ಸಮವಾಗಿ ಸಾಗುವ ಟ್ರೇನ್ ಬೀಟ್‌ಗೆ ಬಗ್ಗುವುದಿಲ್ಲ. ಮೂರರ ಗಣದಲ್ಲಿ ಒಂದು ಅಕ್ಷರ ಎಳೆದು ನಾಲ್ಕು ಮಾಡದೆ ಹೋದರೆ ಡ್ರಮ್ಮರ್ ಮೂರನೇ ಸಾಲಿಗೇ ದಾರಿ ತಪ್ಪುತ್ತಾನೆ.

ಇನ್ನು ವಾದ್ಯ. ಇ9 ಶ್ರುತಿಯ ಹತ್ತು ತಂತಿಯ ಪೆಡಲ್ ಸ್ಟೀಲ್‌ನಲ್ಲಿ ‘ಎ’ ಹೆಸರಿನ ಪೆಡಲ್ ಒತ್ತಿದರೆ ಬಿ ತಂತಿಗಳು ಸಿ ಶಾರ್ಪ್‌ಗೆ ಏರುತ್ತವೆ, ‘ಬಿ’ ಹೆಸರಿನ ಪೆಡಲ್ ಒತ್ತಿದರೆ ಜಿ ಶಾರ್ಪ್ ತಂತಿಗಳು ಎ ಆಗುತ್ತವೆ. ಎರಡೂ ಒಟ್ಟಿಗೆ ಒತ್ತಿದರೆ ಕೈಯ ಕಂಬಿ ಕದಲದೆಯೇ ಇ ಮೇಜರ್ ಹೋಗಿ ಎ ಮೇಜರ್ ಬರುತ್ತದೆ. ಆ ಜಾರುವಿಕೆಯೇ ಕಂಟ್ರಿಯ ಅಳು. ಈ ವಾದ್ಯ ತರಿಸಿಕೊಂಡರೆ 0.011 ಇಂಚಿನ ಮೂರನೇ ತಂತಿಯನ್ನು ಅರ್ಧ ಡಜನ್ ಹೆಚ್ಚಿಗೆ ತರಿಸಿ, ಮೊದಲು ಹರಿಯುವುದು ಅದೇ.

ಪೆಡಲ್ ಸ್ಟೀಲ್ ಸಿಗದಿದ್ದರೆ ಟೆಲಿಕ್ಯಾಸ್ಟರಿನಲ್ಲಿ (ಬ್ರಿಡ್ಜ್ ಕದಲದ ಎಲೆಕ್ಟ್ರಿಕ್ ಗಿಟಾರ್) ಹೀಗೆ ಮಾಡಿ. ಒಂದು ಮತ್ತು ಎರಡನೇ ತಂತಿಗಳನ್ನು ಐದನೇ ಫ್ರೆಟ್ಟಿನಲ್ಲಿ ಕಿರುಬೆರಳು, ಉಂಗುರಬೆರಳಿಂದ ಹಿಡಿಯಿರಿ. ಮೂರನೇ ತಂತಿಯನ್ನು ನಾಲ್ಕನೇ ಫ್ರೆಟ್ಟಿನಲ್ಲಿ ನಡುಬೆರಳಿಂದ ಒತ್ತಿ, ತೋರುಬೆರಳನ್ನು ಹಿಂದೆ ಆಸರೆ ಕೊಟ್ಟು ಪೂರ್ತಿ ಒಂದು ಸ್ವರ ಎಳೆಯಿರಿ. ಬಿ ಹೋಗಿ ಸಿ ಶಾರ್ಪ್ ಆಗಿ ಎ ಮೇಜರ್ ಕೂಡುತ್ತದೆ. ಎಳೆಯುವಾಗ ಮಿಕ್ಕೆರಡು ತಂತಿ ಕದಲಬಾರದು. ತೇಲುವ ಬ್ರಿಡ್ಜಿನ ಗಿಟಾರಿನಲ್ಲಿ ಇದು ಆಗುವುದೇ ಇಲ್ಲ: ಒಂದು ತಂತಿ ಬಿಗಿದರೆ ಬ್ರಿಡ್ಜ್ ಬಾಗಿ ಉಳಿದವು ಇಳಿಯುತ್ತವೆ. ಹಿಂಬದಿಯ ಗುಳಿಯಲ್ಲಿ ಮರದ ತುಂಡು ಬಿಗಿದು ಬ್ರಿಡ್ಜನ್ನು ನಿಲ್ಲಿಸಿ. ಮೂರನೇ ತಂತಿ ಸುತ್ತಿಲ್ಲದ್ದೇ ಇರಬೇಕು, 0.016 ಅಥವಾ 0.017.

ಇನ್ನೊಂದು ದಾರಿ, ಹಳೆಯ ಹಿಂದಿ ಸಿನಿಮಾ ಹಾಡುಗಳಲ್ಲಿ ಕೇಳಿಬರುವ ಹವಾಯಿಯನ್ ಗಿಟಾರ್. ಯಾವುದೋ ಮನೆಯ ಅಟ್ಟದಲ್ಲಿ ಇನ್ನೂ ಮಲಗಿರುತ್ತದೆ. ಸಿ6 ಶ್ರುತಿ ಮಾಡಿ: ದಪ್ಪ ತಂತಿಯಿಂದ ಸಿ, ಇ, ಜಿ, ಎ, ಸಿ, ಇ. ಮಾಮೂಲಿ ಗಿಟಾರನ್ನೇ ಬಳಸುವುದಾದರೆ ನಟ್ ಎತ್ತರಿಸಿ ತಂತಿ ಫ್ರೆಟ್ಟಿನಿಂದ 8–9 ಮಿ.ಮೀ. ಮೇಲಿರುವಂತೆ ನೋಡಿಕೊಳ್ಳಿ. ಕಂಬಿ ಫ್ರೆಟ್ಟಿನ ಗೆರೆಯ ನೇರ ಮೇಲೆ ಬರಬೇಕು, ಹಿಂದೆಯಲ್ಲ. ಕಂಬಿಯ ಹಿಂದೆ ಎಡಗೈಯ ಕೊನೆಯ ಎರಡು ಬೆರಳು ತಂತಿಗೆ ತಾಗಿಕೊಂಡೇ ಇರಲಿ, ಇಲ್ಲವಾದರೆ ಹಿಂದಿನ ತುಂಡೂ ಕಂಪಿಸಿ ದೆವ್ವದ ದನಿ ಬರುತ್ತದೆ. ವಾಲ್ಯೂಮ್ ಪೆಡಲನ್ನು ಅರ್ಧದಲ್ಲಿಟ್ಟು ಮೀಟಿ, ನಾದ ಸಾಯುತ್ತಿದ್ದಂತೆ ಮೆಲ್ಲಗೆ ತೆರೆಯಿರಿ. ಹುಡುಗರು ಇದನ್ನು ಪಿಟೀಲಿನ ಹಾಗೆ ಸೊನ್ನೆಯಿಂದ ಏರಿಸುತ್ತಾರೆ. ಒಮ್ಮೆ ಚೆನ್ನ, ಹಾಡಿನುದ್ದಕ್ಕೂ ಬೇಸರ.

ಶ್ರುತಿಯಲ್ಲಿ ಒಂದು ಸೂಕ್ಷ್ಮ ಇದೆ, ಸಂಗೀತ ಕಲಿತ ಬೆಂಗಳೂರಿನ ಕಿವಿಗೆ ಇದು ಹೊಸದೇನಲ್ಲ. ಸ್ಟೀಲ್ ನುಡಿಸುವವರು ಮೇಜರ್ ಕಾರ್ಡಿನ ಮೂರನೇ ಸ್ವರವನ್ನು ಟ್ಯೂನರ್ ತೋರಿಸುವುದಕ್ಕಿಂತ ಸುಮಾರು 14 ಸೆಂಟ್‌ವರೆಗೆ (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಕೆಳಗೆ ಇಡುತ್ತಾರೆ. ತಂಬೂರಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರ ಅದೇ. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಮೇಲೆ. ಎರಡೂ ಒಟ್ಟಿಗೆ ನಿಂತರೆ ನಾದ ಅಲೆಅಲೆಯಾಗಿ ನಡುಗುತ್ತದೆ, ಆಗ ಎಲ್ಲರೂ ಸ್ಟೀಲ್‌ನವನನ್ನೇ ದೂರುತ್ತಾರೆ. ಕೀಬೋರ್ಡಿನವರು ಆ ಕಡೆ ಸ, ಪ ಮಾತ್ರ ಹಿಡಿಯಲಿ.

ಧ್ವನಿಮುದ್ರಣದ ಕ್ರಮ: ಡ್ರಮ್ಸ್, ಬೇಸ್, ರಿದಮ್ ಗಿಟಾರ್ ಒಟ್ಟಿಗೆ, ಆಮೇಲೆ ಹಾಡುಗಾರಿಕೆ, ಸ್ಟೀಲ್ ಕೊನೆಗೆ. ಹಾಡುಗಾರ ಎಲ್ಲಿ ಉಸಿರು ತೆಗೆಯುತ್ತಾನೆ ಎಂದು ತಿಳಿಯದೆ ಸ್ಟೀಲ್‌ಗೆ ಉತ್ತರ ಹೇಳಲು ಬರುವುದಿಲ್ಲ. ಮೊದಲ ಚರಣದ ಬಿಡುವು ಟೆಲಿಕ್ಯಾಸ್ಟರಿಗೆ, ಎರಡನೆಯದು ಸ್ಟೀಲ್‌ಗೆ ಎಂದು ಹಾಳೆಯಲ್ಲಿ ಬರೆದು ಅಂಟಿಸಿ. ಟೆಲಿಕ್ಯಾಸ್ಟರಿಗೆ 100 ಮಿಲಿಸೆಕೆಂಡಿನ ಆಸುಪಾಸಿನ ಒಂದೇ ಪ್ರತಿಧ್ವನಿ ಸಾಕು.

ಸಿಂಗಲ್ ಕಾಯಿಲ್ ಪಿಕಪ್ ಗುಂಯ್‌ಗುಟ್ಟಿದರೆ ಕೇಬಲ್ ಬೈಯುವ ಮೊದಲು ಫ್ಯಾನ್ ಆರಿಸಿ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎಬ್ಬಿಸುವ ಸದ್ದು ಪಿಕಪ್ಪಿಗೆ ನೇರ ಹತ್ತುತ್ತದೆ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಬಿದ್ದರಂತೂ ಆ ಟೇಕ್ ಹೋಯಿತೆಂದೇ ಲೆಕ್ಕ. ಕೂತ ಜಾಗದಲ್ಲೇ ಗಿಟಾರನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಗುಂಯ್ ತಗ್ಗುತ್ತದೆ. ಅಲ್ಲಿ ಕುರ್ಚಿಯ ಕಾಲಿಗೆ ಟೇಪ್ ಹಾಕಿ ಗುರುತು ಮಾಡಿ. ವಾಲ್ಯೂಮ್ ಪೆಡಲ್ ಕರಕರ ಎಂದರೆ ಒಳಗಿನ ಪಾಟ್‌ಗೆ (ದನಿ ಏರಿಳಿಸುವ ಬಿಡಿಭಾಗ) ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ಮೇಲೆ-ಕೆಳಗೆ ಆಡಿಸಿ. ಆಗಲೂ ನಿಲ್ಲದಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿಗೆ ಹೋಗಿ ಹೊಸ 500 ಕಿಲೋಓಮ್ ಪಾಟ್ ಕೇಳಿ, ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಶಾಫ್ಟಿನ ಉದ್ದ ಹೊಂದದಿದ್ದರೆ ಮತ್ತೆ ಹೋಗಬೇಕಾಗುತ್ತದೆ.