ಸರಾಸರಿ ಒಂದೇ, ತಂಡಗಳು ಬೇರೆ ಬೇರೆ

ಕೆಲಸದ ತಂಡಗಳ ಅಧ್ಯಯನ ಬಹಳಷ್ಟು ಸಲ ಹಳಿ ತಪ್ಪುವುದು ಒಂದೇ ಹಂತದಲ್ಲಿ. ಪ್ರಶ್ನಾವಳಿ ಹಂಚಿ, ಉತ್ತರಗಳ ಸರಾಸರಿ ತೆಗೆದು, ಅದೇ ತಂಡದ ಗುಣ ಎಂದು ಬರೆದುಬಿಡುವಾಗ.

"ನಮ್ಮ ತಂಡದಲ್ಲಿ ತಪ್ಪಾದರೆ ಧೈರ್ಯವಾಗಿ ಹೇಳಿಕೊಳ್ಳಬಹುದು" ಎಂಬ ಹೇಳಿಕೆಗೆ ಐದು ಅಂಕದ ಅಳತೆಯಲ್ಲಿ ಒಂದು ತಂಡ 4, 4, 5, 4, 3 ಕೊಟ್ಟಿದೆ ಎನ್ನಿ. ಇನ್ನೊಂದು ತಂಡ 5, 5, 5, 2, 3. ಎರಡರ ಸರಾಸರಿಯೂ 4. ಆದರೆ ಎರಡನೆಯದರಲ್ಲಿ ಮೂವರು ಆರಾಮಾಗಿದ್ದಾರೆ, ಇನ್ನಿಬ್ಬರು ಬಾಯಿ ಬಿಡುತ್ತಿಲ್ಲ.

ಇದನ್ನು ಹಿಡಿಯಲು 1984ರಲ್ಲಿ ಜೇಮ್ಸ್, ಡೆಮರೀ ಮತ್ತು ವುಲ್ಫ್ ಎಂಬ ಸಂಶೋಧಕರು ಕೊಟ್ಟ, ತಂಡದೊಳಗಿನ ಒಮ್ಮತವನ್ನು ಅಳೆಯುವ ಆರ್‌ಡಬ್ಲ್ಯೂಜಿ ಸೂಚ್ಯಂಕವಿದೆ. ಐದು ಅಂಕದ ಅಳತೆಯಲ್ಲಿ ಜನ ಮನಬಂದಂತೆ ಗುರುತು ಹಾಕಿದರೆ ಬರುವ ವೇರಿಯನ್ಸ್ (ಉತ್ತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 2. ತಂಡದ ವೇರಿಯನ್ಸನ್ನು 2ರಿಂದ ಭಾಗಿಸಿ, 1ರಿಂದ ಕಳೆಯಿರಿ. ಮೊದಲ ತಂಡದ ವೇರಿಯನ್ಸ್ 0.5, ಸೂಚ್ಯಂಕ 0.75, ಎರಡನೆಯದರ ವೇರಿಯನ್ಸ್ 2, ಸೂಚ್ಯಂಕ ಸೊನ್ನೆ. ಸಾಮಾನ್ಯವಾಗಿ 0.70 ದಾಟಿದರೆ ಒಮ್ಮತವಿದೆ ಎನ್ನುತ್ತಾರೆ. ಈ ಗಡಿ ಬರೀ ರೂಢಿ, ಕಣ್ಣುಮುಚ್ಚಿ ನಂಬಬೇಡಿ. ಜನ ಹೆಚ್ಚಾಗಿ 4, 5ರ ಕಡೆಗೇ ವಾಲುವುದರಿಂದ ಸೂಚ್ಯಂಕ ಉಬ್ಬುತ್ತದೆ. ಮನಬಂದಂತೆ ಹಾಕಿದ ಗುರುತೂ ಹೀಗೆ ವಾಲಿರುತ್ತದೆ ಎಂದುಕೊಂಡು, 2ರ ಬದಲು ಆ ವಾಲಿದ ಹಂಚಿಕೆಯ ವೇರಿಯನ್ಸನ್ನು ಆಧಾರವಾಗಿಟ್ಟೂ ಒಮ್ಮೆ ಲೆಕ್ಕ ಹಾಕಿ. ತಂಡ ತಂಡಗಳ ನಡುವೆ ನಿಜಕ್ಕೂ ವ್ಯತ್ಯಾಸವಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಐಸಿಸಿ (ಒಟ್ಟು ವ್ಯತ್ಯಾಸದಲ್ಲಿ ತಂಡಗಳ ನಡುವಿನ ಪಾಲು ಎಷ್ಟು ಎಂಬ ಅಳತೆ) ಬೇಕು.

ಸೂಚ್ಯಂಕ ಕಡಿಮೆ ಬಂದ ತಂಡವನ್ನು ಅಧ್ಯಯನದಿಂದ ಸದ್ದಿಲ್ಲದೆ ಕಿತ್ತುಹಾಕುವುದು ದೊಡ್ಡ ಅನ್ಯಾಯ. ಒಡಕು ಎಲ್ಲಿದೆ, ಪಾಳಿಯ ಪ್ರಕಾರವೋ, ಹಳಬರು ಹೊಸಬರ ನಡುವೆಯೋ ಎಂದು ಹುಡುಕಿ. ಅಲ್ಲೇ ಅಧ್ಯಯನದ ತಿರುಳು ಸಿಗಬಹುದು.

ಪ್ರಶ್ನೆ "ನಾನು" ಎಂದಲ್ಲ, "ನಮ್ಮ ತಂಡ" ಎಂದು ಇರಲಿ. ಐದು ಜನರ ತಂಡದಲ್ಲಿ ಇಬ್ಬರು ಉತ್ತರಿಸದಿದ್ದರೆ ಉಳಿದ ಮೂವರ ಅಭಿಪ್ರಾಯವನ್ನು ತಂಡದ್ದು ಎನ್ನುವುದು ಕಷ್ಟ, ಸುಮ್ಮನಿದ್ದವರೇ ಅಸಮಾಧಾನಗೊಂಡವರಾಗಿರಬಹುದು. ಇಂಥ ಸಣ್ಣ ತಂಡದಲ್ಲಿ ವಯಸ್ಸು, ಲಿಂಗ, ಸೇವಾವಧಿ ಮೂರನ್ನೂ ಕೇಳಿದರೆ ಉತ್ತರ ಯಾರದ್ದೆಂದು ಗೊತ್ತಾಗಿಹೋಗುತ್ತದೆ. ಹೆಸರಿನ ಬದಲು ತಂಡದ ಸಂಕೇತ ಸಂಖ್ಯೆ ಸಾಕು.

ಇನ್ನು, 40 ತಂಡಗಳ 200 ಜನರಿಂದ ಉತ್ತರ ಬಂದಿದ್ದರೆ, ತಂಡದ ಮಟ್ಟದ ವಿಶ್ಲೇಷಣೆಗೆ ನಿಮ್ಮ ಮಾದರಿಯ ಗಾತ್ರ 40, ಇನ್ನೂರಲ್ಲ.

ಸಾಧನೆಯನ್ನು ಮಾತ್ರ ಸದಸ್ಯರಿಂದಲೇ ಅಳೆಸಬೇಡಿ. ಮನಸ್ಸು ಚೆನ್ನಾಗಿದ್ದವರು ತಂಡದ ವಾತಾವರಣಕ್ಕೂ ಸಾಧನೆಗೂ ಹೆಚ್ಚು ಅಂಕ ಕೊಡುತ್ತಾರೆ, ಇಲ್ಲದ ಸಂಬಂಧ ಲೆಕ್ಕದಲ್ಲಿ ಹುಟ್ಟಿಕೊಳ್ಳುತ್ತದೆ. 51 ತಂಡಗಳನ್ನು ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದ ಸಂಶೋಧಕಿ ಏಮಿ ಎಡ್ಮಂಡ್ಸನ್, ಸಾಧನೆಯ ಬಗ್ಗೆ ತಂಡದ ಹೊರಗಿನವರ ಅಂದಾಜನ್ನೂ ತೆಗೆದುಕೊಂಡಿದ್ದರು. ಜೊತೆಗೆ ಸಂದರ್ಶನ, ವೀಕ್ಷಣೆಯೂ ಇತ್ತು.

ಸಭೆಗಳನ್ನು ಕೂತು ನೋಡುವುದಾದರೆ ಮಾತುಕತೆಯನ್ನು ವಿಂಗಡಿಸಲು ಸಮಾಜ ಮನೋವಿಜ್ಞಾನಿ ರಾಬರ್ಟ್ ಬೇಲ್ಸ್ 1950ರಲ್ಲಿ ಪ್ರಕಟಿಸಿದ 12 ವರ್ಗಗಳು ಈಗಲೂ ಒಳ್ಳೆಯ ಆರಂಭ. ಸಭೆಯ ಒಂದೇ ರೆಕಾರ್ಡಿಂಗಿನ ಮಾತುಗಳ ವರ್ಗವನ್ನು ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಗುರುತಿಸಿ, ಕಪ್ಪಾ (ಇಬ್ಬರ ಗುರುತು ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಹೊಂದುತ್ತದೆ ಎಂಬ ಅಳತೆ) ತೆಗೆಯಿರಿ. ಕಡಿಮೆ ಬಂದರೆ ವರ್ಗಗಳ ವಿವರಣೆಯನ್ನು ತಿದ್ದಿ, ಹೊಸ ರೆಕಾರ್ಡಿಂಗ್ ಮೇಲೆ ಮತ್ತೆ ಅಭ್ಯಾಸ ಮಾಡಿ. ಅದೇ ಹಳೆಯದರ ಮೇಲೆ ಕೂತು ರಾಜಿಯಾಗುವುದು ಬೇಡ.