ಎಸ್‌ಆರ್ ಮಾತ್ರೆ ಯಾಕೆ ಅಷ್ಟು ನಿಧಾನಕ್ಕೆ ಕರಗುತ್ತೆ?

ನಾನು ಮಾತ್ರೆ ಫಾರ್ಮುಲೇಶನ್ ಕೆಲಸದಲ್ಲಿದೀನಿ ಅಂತ ಗೊತ್ತಾದ್ರೆ ಶುಗರ್ ಇರೋರೆಲ್ಲ ಕೇಳೋದು ಇದನ್ನೇ. ಮೆಟ್‌ಫಾರ್ಮಿನ್ ಸಾದಾದೂ 500, ಎಸ್‌ಆರೂ (ಸಸ್ಟೇನ್ಡ್ ರಿಲೀಸ್, ಅಂದ್ರೆ ಔಷಧಿನ ನಿಧಾನಕ್ಕೆ ಬಿಡೋ ಮಾತ್ರೆ) 500, ಔಷಧಿ ಒಂದೇ ಅಂದ್ಮೇಲೆ ಒಂದು ಬೇಗ ಕರಗಿ ಇನ್ನೊಂದು ಗಂಟೆಗಟ್ಲೆ ಯಾಕೆ ತಗೊಳುತ್ತೆ?

ಕಾಮಕಸ್ತೂರಿ ಬೀಜ ನೀರಿಗೆ ಹಾಕಿದ್ರೆ ಸುತ್ತ ಲೋಳೆ ಕಟ್ಟುತ್ತಲ್ಲ, ಹಾಗೇನೇ. ಸಾಮಾನ್ಯವಾಗಿ ಎಸ್‌ಆರ್ ಮಾತ್ರೆ ಒಳಗೆ ಎಚ್‌ಪಿಎಂಸಿ ಅನ್ನೋ ಪಾಲಿಮರ್ ಇರುತ್ತೆ, ಮರದ ತಿರುಳು ಇಲ್ಲಾ ಹತ್ತಿಯ ಸೆಲ್ಯುಲೋಸ್‌ನಿಂದ ಮಾಡಿದ್ದು, ನೀರು ತಾಗಿದ್ರೆ ಮಾತ್ರೆ ಸುತ್ತ ಲೋಳೆ ಪದರ ಆಗಿ ಔಷಧಿ ಅದನ್ನ ದಾಟ್ಕೊಂಡೇ ಹೊರಗೆ ಬರ್ಬೇಕು.

ಪಾಲಿಮರ್ ಅಂದ್ರೆ ಚಿಕ್ಕ ಚಿಕ್ಕ ಕೊಂಡಿ ಸೇರಿ ಆದ ಸರಪಳಿಯಂಥ ಅಣು, ಆ ಸರಪಳಿ ಎಷ್ಟುದ್ದ ಅನ್ನೋದೇ ನಮಗೆ ಮುಖ್ಯ. ಮುರಿದ ಶಾವಿಗೆ ಚಮಚದಲ್ಲಿ ಸುಲಭವಾಗಿ ಬಿಡಿ ಆಗುತ್ತೆ, ಉದ್ದ ಶಾವಿಗೆ ಒಂದಕ್ಕೊಂದು ಸಿಕ್ಕಾಕೊಂಡು ಬಿಡಿಸೋಕೇ ಬರಲ್ಲ. ಸರಪಳಿ ಎರಡು ಪಟ್ಟು ಉದ್ದ ಆದ್ರೆ ದ್ರಾವಣದ ಗಟ್ಟಿತನ ಸುಮಾರು 10 ಪಟ್ಟು ಏರುತ್ತೆ. ಅದಕ್ಕೇ ಕೆ100ಎಲ್‌ವಿ ಗ್ರೇಡಿನ 2% ದ್ರಾವಣ ಸುಮಾರು 100 ಸೆಂಟಿಪಾಯಿಸ್ (ದ್ರಾವಣದ ಗಟ್ಟಿತನ ಅಳೆಯೋ ಮಾನ), ಕೆ4ಎಂ 4,000, ಕೆ100ಎಂ 1 ಲಕ್ಷ. ಮೂರೂ ರಾಸಾಯನಿಕವಾಗಿ ಒಂದೇ ವಸ್ತು!

ಹಂಗಂತ ಸರಪಳಿ ಉದ್ದ ಆದಷ್ಟೂ ಔಷಧಿ ನಿಧಾನ ಅನ್ನೋದು ತಪ್ಪು, ಹೊಸಬರು ಮುಗ್ಗರಿಸೋದು ಇಲ್ಲೇ. ಔಷಧಿ ಹೊರಗೆ ಬರೋಕೆ ಎರಡು ದಾರಿ, ಲೋಳೆಯೊಳಗಿನ ನೀರಲ್ಲಿ ತೂರ್ಕೊಂಡು ಬರೋದು ಒಂದು, ಲೋಳೆನೇ ಸವೆದು ಉದುರೋವಾಗ ಜೊತೆಗೆ ಬರೋದು ಇನ್ನೊಂದು. ಮೆಟ್‌ಫಾರ್ಮಿನ್ ನೀರಲ್ಲಿ ಚೆನ್ನಾಗಿ ಕರಗುತ್ತೆ, ಅದು ಹೆಚ್ಚಾಗಿ ತೂರ್ಕೊಂಡೇ ಬರುತ್ತೆ, ಅದರ ಕಣ ಎಷ್ಟು ಚಿಕ್ಕದು ಅಂದ್ರೆ ಸಿಕ್ಕಿನ ಸಂದೀಲಿ ನೀರಿದ್ರೆ ಸಾಕು, ಹಾಗಾಗಿ ಕೆ4ಎಂ ತೆಗೆದು ಕೆ100ಎಂ ಹಾಕಿದ್ರೂ ಅಂಥಾ ವ್ಯತ್ಯಾಸ ಬರದೇ ಇರಬಹುದು, ಅಲ್ಲಿ ಪಾಲಿಮರ್ ಎಷ್ಟು ಪರ್ಸೆಂಟ್ ಹಾಕಿದೀವಿ ಅನ್ನೋದೇ ಜಾಸ್ತಿ ಲೆಕ್ಕಕ್ಕೆ ಬರುತ್ತೆ. ನೀರಲ್ಲಿ ಕರಗದ ಔಷಧಿ ಆದ್ರೆ ಲೋಳೆ ಸವೆಯೋವರೆಗೂ ಕಾಯ್ಬೇಕು, ಆಗ ಸರಪಳಿ ಉದ್ದ ತುಂಬಾ ಲೆಕ್ಕಕ್ಕೆ ಬರುತ್ತೆ. 37 ಡಿಗ್ರಿಯ ನೀರಲ್ಲಿ ಪ್ಯಾಡಲ್ ತಿರುಗಿಸ್ತಾ ಟೆಸ್ಟ್ ಮಾಡೋವಾಗ ಇದು ಕಣ್ಣಿಗೇ ಕಾಣುತ್ತೆ, ಚಿಕ್ಕ ಸರಪಳಿ ಮಾತ್ರೆ ಸವೆದು ಸಣ್ಣ ಆಗ್ತಾ ಹೋದ್ರೆ ಉದ್ದ ಸರಪಳೀದು ಉಬ್ಬಿ ಹಾಗೇ ಕೂತಿರುತ್ತೆ.

ಮಲದಲ್ಲಿ ಮಾತ್ರೆ ಹಾಗೇ ಬಂತು ಅಂತ ಕೆಲವರು ಗಾಬರಿ ಆಗ್ತಾರೆ. ಅದು ಸಾಮಾನ್ಯವಾಗಿ ಔಷಧಿ ಬಿಟ್ಟಾದ್ಮೇಲೆ ಉಳಿದ ಮೆತ್ತಗಿನ ಲೋಳೆ ಅಷ್ಟೇ, ನಮ್ಮ ಹೊಟ್ಟೆ ಅದನ್ನ ಜೀರ್ಣ ಮಾಡಲ್ಲ.

ನಮ್ಮ ಚಿಕ್ಕಮ್ಮ ಮಾತ್ರೆ ದೊಡ್ಡದು ಅಂತ ಪುಡಿ ಮಾಡಿ ಬಾಳೆಹಣ್ಣಲ್ಲಿ ನುಂಗ್ತಿದ್ರು. ಪುಡಿ ಆದ್ರೆ ಒಂದು ಗಟ್ಟಿ ಲೋಳೆ ಪದರ ಕಟ್ಟೋಕೇ ಆಗಲ್ಲ, ದಿನವಿಡೀ ಬರ್ಬೇಕಾದ ಔಷಧಿ ಬೇಗ ಬಂದ್ಬಿಡುತ್ತೆ ಚಿಕ್ಕಮ್ಮ ಅಂದೆ. ನುಂಗೋಕೆ ಕಷ್ಟ ಅಂತ ಡಾಕ್ಟರಿಗೆ ಹೇಳಿದ್ಮೇಲೆ ಸಾದಾ ಮಾತ್ರೆ ಬರ್ಕೊಟ್ರು, ಈಗ ಅದನ್ನೇ ದಿನಕ್ಕೆರಡು ಸಲ ತಗೋತಿದಾರೆ.