ಮಹಡಿ ಮೇಲಿನ ತರಬೇತಿ

ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಜಾರಿಗೆ ಬಂದಿದ್ದು 2017ರ ಏಪ್ರಿಲ್ 19ಕ್ಕೆ. ಮರುವರ್ಷ ತಾಲ್ಲೂಕು ಮಟ್ಟದ ಸಿಬ್ಬಂದಿಗೆ ಅದರ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ಎಡವಿದೆ. ಸಭಾಂಗಣ ಮಹಡಿ ಮೇಲೆ, ಲಿಫ್ಟ್ ಇಲ್ಲ. ಪಂಚಾಯ್ತಿಗಳಿಂದ ಬಂದಿದ್ದ ವಿ.ಆರ್.ಡಬ್ಲ್ಯೂಗಳು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಸ್ವತಃ ವಿಕಲಚೇತನರು. ಒಬ್ಬರು ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಕೂತು ಬೆವರು ಒರೆಸಿಕೊಂಡು, "ಶುರು ಮಾಡಿ ಸರ್" ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಎರಡು ಗಂಟೆ ಸ್ಲೈಡ್ ತೋರಿಸಿದೆ. ಹಳೇ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ, ಇದರಲ್ಲಿ 21. ಸರ್ಕಾರಿ ಕೆಲಸದ ಕನಿಷ್ಠ ಮೀಸಲಾತಿ ಶೇ. 3ರಿಂದ ಶೇ. 4ಕ್ಕೆ. ಎಲ್ಲರೂ ತಲೆಯಾಡಿಸಿದರು. ಕೊನೆಗೆ ಒಬ್ಬ ಎಫ್‌ಡಿಎ ಎದ್ದು, "ಸರ್, ಇದಕ್ಕೆ ಸುತ್ತೋಲೆ ಬಂದಿದೆಯಾ?" ಅಂದರು. ಕಾಯ್ದೆಯೇ ಇರುವಾಗ ಸುತ್ತೋಲೆ ಯಾಕಪ್ಪಾ ಅಂತ ಒಳಗೊಳಗೇ ಸಿಟ್ಟು ಬಂತು. ಊಟಕ್ಕೆ ಅವರ ಪಕ್ಕ ಕೂತಾಗ ವಿಷಯ ಗೊತ್ತಾಯಿತು. ನಾಳೆ ರ‍್ಯಾಂಪ್‌ಗೆ ದುಡ್ಡು ಹಾಕಿದರೆ ಯಾವ ಆದೇಶದ ಮೇಲೆ ಅಂತ ಆಡಿಟ್‌ನವರು ಕೇಳುತ್ತಾರೆ. ಉತ್ತರ ಹೇಳಬೇಕಾದವರು ಅವರು, ನಾನಲ್ಲ.

ಆಮೇಲೆ ಸ್ಲೈಡ್ ಕಡಿಮೆ ಮಾಡಿದೆ. ಬ್ಯಾಗಿನಲ್ಲಿ ಅಳತೆ ಟೇಪು ಇಟ್ಟುಕೊಂಡೆ. ಈಗ ಬೆಳಗ್ಗೆ ಎಲ್ಲರನ್ನೂ ಮೊದಲು ಕಚೇರಿ ಬಾಗಿಲಿಗೇ ಕರೆದುಕೊಂಡು ಹೋಗುತ್ತೇನೆ. ಒಂದು ಕಚೇರಿಯಲ್ಲಿ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಒಂದು ಅಡಿ ಏರೋಕೆ 12 ಅಡಿ ಉದ್ದ ಬೇಕು ಅನ್ನೋದು ಲೆಕ್ಕ. ಅಂದರೆ ರ‍್ಯಾಂಪ್ 18 ಅಡಿ ಇರಬೇಕಿತ್ತು. ಇದ್ದದ್ದು ಐದೇ ಅಡಿ. ಅದರ ಮೇಲೂ ಸಿಬ್ಬಂದಿಯದೇ ಎರಡು ಬೈಕು. "ಬೈಕ್ ಹತ್ತಿಸೋಕೇ ಕಟ್ಟಿದ್ದು ಅಂದ್ಕೊಂಡಿದ್ವಿ ಸರ್" ಅಂದರು ಒಬ್ಬರು. ತಮಾಷೆಗಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು.

ಒಳಗೆ ಬಂದು ಕೂತ ಮೇಲೆ ಸೆಕ್ಷನ್ 23. ಕೆಲಸದ ಜಾಗದಲ್ಲಿ ತಾರತಮ್ಯ ಆದರೆ ವಿಕಲಚೇತನ ನೌಕರರು ದೂರು ಕೊಡಲು ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ರಿಜಿಸ್ಟರ್ ಇಡಬೇಕು. ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. "ಇಲ್ಲಿ ಯಾರು?" ಅಂದೆ. ಎಲ್ಲರ ಕಣ್ಣು ಶಿರಸ್ತೇದಾರರ ಮೇಲೆ. ಅವರು ಫ್ಯಾನ್ ನೋಡುತ್ತಿದ್ದರು! ಒಂದು ಹೆಸರು ಗೊತ್ತು ಮಾಡದೆ ಎದ್ದರೆ ತರಬೇತಿ ಸುಮ್ನೆ ಟೀ-ಬಿಸ್ಕತ್ತಿನ ಖರ್ಚು, ಅಲ್ವಾ? ಅದಕ್ಕೇ ಕಚೇರಿ ಆದೇಶದ ಕರಡನ್ನು ಅಲ್ಲೇ ಬರೆಸಿದೆ. ಮೇಲ್ಗಡೆ "ಉಲ್ಲೇಖ" ಅಂತ ಕಾಯ್ದೆಯ ಹೆಸರು, ಸೆಕ್ಷನ್ ನಂಬರು. ಆ ಎಫ್‌ಡಿಎ ಕೇಳದಿದ್ದರೆ ನನಗೆ ಇದು ಹೊಳೆಯುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಅದೇ ಕಚೇರಿಗೆ ಹೋದೆ. ರಟ್ಟಿನ ಬೈಂಡು, ಲೇಬಲ್ಲು, ರಿಜಿಸ್ಟರ್ ನೋಡೋಕೆ ಚೆಂದ. ಒಂದೂ ದೂರಿಲ್ಲ. ಎಲ್ಲಿಟ್ಟಿರುತ್ತೀರಿ ಅಂದೆ. "ಮೇಲೆ ಬೀರುವಿನಲ್ಲಿ ಸರ್, ಭದ್ರವಾಗಿದೆ." ಟಪಾಲು ವಿಭಾಗದಲ್ಲಿದ್ದ ಎಸ್‌ಡಿಎಗೆ ಪೋಲಿಯೊದಿಂದ ಒಂದು ಕಾಲಿಗೆ ಶಕ್ತಿಯಿಲ್ಲ. ಅವರು ಆ ಮೆಟ್ಟಿಲು ಹತ್ತಿದವರೇ ಅಲ್ಲ. ರಿಜಿಸ್ಟರನ್ನು ಕೆಳಗೆ ತಂದು ಅವರ ಮೇಜಿನ ಪಕ್ಕದ ಕಪಾಟಿನಲ್ಲಿ ಇಟ್ಟೆವು, ಪೆನ್ನನ್ನು ದಾರದಲ್ಲಿ ಕಟ್ಟಿ.